ಎಬ್ಬಿಸುವ ಕೈ

ಜೂನ್ 4, ಮಂಗಳವಾರ

ಇವರು ತೀರಿಕೊಂಡು ಎಂಟು ತಿಂಗಳಾದ ಮೇಲೆ ಇವತ್ತು ಜೂಡೋ ಕೋಣೆಯ ಬೀಗ ತೆಗೆದೆ. ಕೀಲಿ ತಿರುಗಲು ಒಪ್ಪಲಿಲ್ಲ. ಎರಡು ಸಲ ಬೈಸಿಕೊಂಡ ಮೇಲೆ ಒಪ್ಪಿತು. ಮ್ಯಾಟುಗಳು ಗೋಡೆಗೆ ಒರಗಿ ನಿಂತಿದ್ದವು, ಇವರು ಕೊನೆಯ ದಿನ ಹೇಗೆ ನಿಲ್ಲಿಸಿದ್ದರೋ ಹಾಗೇ. ರಬ್ಬರಿನ ವಾಸನೆ, ಹಳೆಯ ಬೆವರಿನ ವಾಸನೆ. ಇವರದೇ ಬೆವರು ಇರಬೇಕು ಅಂದುಕೊಂಡು ಮೂಗು ಹತ್ತಿರ ಒಯ್ದೆ. ಆಮೇಲೆ ನಾಚಿಕೆಯಾಯಿತು. ಸಾವಿರ ಹುಡುಗರು ಹೊರಳಾಡಿದ ಮ್ಯಾಟು. ಅದರಲ್ಲಿ ನನ್ನ ಗಂಡನ ಬೆವರು ಯಾವುದು ಅಂತ ಹುಡುಕುವುದಂತೆ.

ಇದಕ್ಕೆಲ್ಲ ಆ ಫಿಸಿಯೋ ಹುಡುಗಿ ಕಾರಣ. ಬೆಳಿಗ್ಗೆ ಹೊತ್ತು ನಾನು ರೋಗಿಗಳ ಹೆಸರು ಬರೆದುಕೊಳ್ಳುವ ಹಲ್ಲಿನ ಕ್ಲಿನಿಕ್ಕಿನ ಪಕ್ಕದ ಬಾಗಿಲೇ ಅವಳದು. ಬಿದ್ದು ಮೂಳೆ ಮುರಿದುಕೊಂಡ ವಯಸ್ಸಾದವರನ್ನು ರಿಪೇರಿ ಮಾಡಿ ಮಾಡಿ ಅವಳಿಗೆ ಸಾಕಾಗಿ ಹೋಗಿದೆ. "ಮೇಡಂ, ಬಿದ್ದ ಮೇಲೆ ನನ್ನ ಹತ್ರ ಬರ್ತಾರೆ. ಬೀಳೋಕೆ ಮುಂಚೆ ನಿಮ್ಮ ಹತ್ರ ಬರ್ಲಿ. ಪೆಟ್ಟಾಗದ ಹಾಗೆ ಬೀಳೋದು ಹೇಗೆ ಅಂತ ನೀವು ಕಲಿಸಿ," ಅಂದಳು. ಕಲಿಸುತ್ತಿದ್ದವರು ಇವರು, ನಾನಲ್ಲ ಅಂದೆ. "ಮತ್ತೆ ನೀವೇನು ಮಾಡ್ತಿದ್ರಿ?" ಅಂತ ಕೇಳಿದಳು. ಬೀಳ್ತಿದ್ದೆ ಅಂದೆ. ನಗಬಹುದೋ ಬಾರದೋ ಗೊತ್ತಾಗದೆ ನಿಂತಳು, ಪಾಪ.

ನಾನು ತಮಾಷೆ ಮಾಡಿರಲಿಲ್ಲ. ಊರಿಗೆಲ್ಲ ಮಾಸ್ತರಾಗಿದ್ದ ಇವರು ಇಪ್ಪತ್ತೊಂಬತ್ತು ವರ್ಷ ಎಸೆದರು, ನಾನು ಬಿದ್ದೆ. ಪಾಠ ತೋರಿಸಬೇಕಾದರೆ ಯಾರಾದರೂ ಬೀಳಬೇಕಲ್ಲ. ನಾನು ಬಿದ್ದಲ್ಲೇ ಮಲಗಿರುವಾಗ ಇವರು ಹುಡುಗರಿಗೆ ವಿವರಿಸುತ್ತಿದ್ದರು, ಆಮೇಲೆ ಕೈ ಕೊಟ್ಟು ಎಬ್ಬಿಸುತ್ತಿದ್ದರು. "ಬೀಳಿಸಿದವರೇ ಎಬ್ಬಿಸಬೇಕು," ಅದು ಈ ಕೋಣೆಯ ಮೊದಲ ನಿಯಮ, ಬಾಗಿಲ ಮೇಲಿನ ಹಲಗೆಯಲ್ಲಿ ಇವರೇ ಬರೆದದ್ದು.

ಎಂಟು ವಾರ ಮಾಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ವಾರಕ್ಕೆರಡು ಸಲ. ಯಾಕೆ ಒಪ್ಪಿಕೊಂಡೆನೋ. ಸಂಜೆ ನಾಲ್ಕರಿಂದ ಆರರವರೆಗಿನ ಹೊತ್ತು ಮನೆಯಲ್ಲಿ ಕಳೆಯಲಾಗುವುದಿಲ್ಲ, ಅದಕ್ಕೇ ಇರಬೇಕು.

ಜೂನ್ 7, ಶುಕ್ರವಾರ

ಎಂಟು ಜನ ಬಂದರು. ಎಲ್ಲರೂ ಅರವತ್ತೈದು ದಾಟಿದವರು, ಎಲ್ಲರೂ ಗೋಡೆ ಹಿಡಿದು ನಿಂತರು. ಒಬ್ಬರು ಬಸ್ ಓಡಿಸಿ ನಿವೃತ್ತರಾದ ಡ್ರೈವರ್. ಕೊರಳು ಅರ್ಧಕ್ಕಿಂತ ಹೆಚ್ಚು ತಿರುಗುವುದಿಲ್ಲ, ಬಾಯಿಗೆ ಮಾತ್ರ ಬ್ರೇಕಿಲ್ಲ. "ಮೂವತ್ನಾಲ್ಕು ವರ್ಷ ಒಂದು ಬಸ್ಸೂ ಪಲ್ಟಿ ಹೊಡೆಸಿಲ್ಲ ನಾನು. ಈಗ ಈಯಮ್ಮ ನನ್ನನ್ನೇ ಪಲ್ಟಿ ಹೊಡೆಸ್ತಾರಂತೆ," ಅಂತ ಶುರುಮಾಡಿದರು.

ಇನ್ನೊಬ್ಬರು ಟೇಲರಕ್ಕ. ಎಪ್ಪತ್ತೊಂದು ವಯಸ್ಸು, ಸೂಜಿಯ ಹಾಗೆ ತೆಳ್ಳಗೆ, ಮಾತೂ ಹಾಗೇ. ಎರಡನೇ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಹೋದ ವರ್ಷ ಬಿದ್ದು ತಲೆಯ ಹಿಂದೆ ಏಳು ಹೊಲಿಗೆ ಹಾಕಿಸಿಕೊಂಡರಂತೆ. "ನಾನಾಗಿದ್ರೆ ಐದರಲ್ಲಿ ಮುಗಿಸ್ತಿದ್ದೆ," ಅಂದರು. ಅವರ ಅಣ್ಣನ ಮಗ ವೃದ್ಧಾಶ್ರಮದಲ್ಲಿ ಒಂದು ಕೋಣೆ ಹೇಳಿಟ್ಟಿದ್ದಾನೆ. ಇನ್ನೊಂದು ಸಲ ಬಿದ್ದರೆ ನೇರ ಅಲ್ಲಿಗೇ. "ನೋಡಮ್ಮ, ನಾನು ಜೂಡೋ ಕಲಿಯೋಕೆ ಬಂದಿಲ್ಲ. ನನ್ನ ಮನೇಲಿ ಇರೋಕೆ ಬಂದಿದೀನಿ. ಅಷ್ಟು ಮಾಡಿಕೊಡು," ಅಂದರು. ಆಗಲಿ ಅಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ.

ಹಿಂದಕ್ಕೆ ಬೀಳುವುದನ್ನು ತೋರಿಸಿದೆ. ಮೊಣಕಾಲು ಮಡಚಿ ನೆಲದ ಹತ್ತಿರ ಹೋಗುವುದು, ಬೆನ್ನು ಗುಂಡಗೆ, ಗದ್ದ ಎದೆಗೆ, ಕಣ್ಣು ಹೊಕ್ಕುಳಿನ ಮೇಲೆ. ಕೈ ಮಾತ್ರ ಹಿಂದಕ್ಕೆ ಊರಬಾರದು. ಮಣಿಕಟ್ಟು ಹೋಗುವುದೇ ಅಲ್ಲಿ. ಬಿದ್ದೆ. ಚೆನ್ನಾಗಿಯೇ ಬಿದ್ದೆ. ಬಿದ್ದ ಮೇಲೆ ನನ್ನ ಬಲಗೈ ತಾನಾಗಿ ಮೇಲಕ್ಕೆ ಎದ್ದು ನಿಂತಿತು. ಇವರು ಬಂದು ಹಿಡಿಯಲಿ ಅಂತ.

ಎಂಟೂ ಜನ ನನ್ನ ಕೈಯನ್ನೇ ನೋಡಿದರು. ಆಮೇಲೆ ಡ್ರೈವರ್ ಬಂದು ಕೈ ಹಿಡಿದು ಎಳೆದರು. ನಂತರ ಎಂಟೂ ಜನ ಒಬ್ಬೊಬ್ಬರಾಗಿ ಬಿದ್ದರು, ಎಂಟೂ ಜನ ಬಿದ್ದು ಬಲಗೈ ಎತ್ತಿದರು. ಅದೂ ಪಾಠದಲ್ಲೇ ಸೇರಿದ್ದು ಅಂದುಕೊಂಡಿದ್ದಾರೆ! ನಗು ಬಂತು. ತಿದ್ದಲಿಲ್ಲ. ಒಬ್ಬೊಬ್ಬರ ಕೈಯನ್ನೂ ಹಿಡಿದು ಎಬ್ಬಿಸಿದೆ. ಬಹಳ ದಿನಗಳ ಮೇಲೆ ಇನ್ನೊಬ್ಬರ ಅಂಗೈ ಮುಟ್ಟಿದೆ.

ಜೂನ್ 9, ಭಾನುವಾರ

ತಂಗಿ ಫೋನ್ ಮಾಡಿದ್ದಳು. ಊಟ ಆಯ್ತಾ ಅಂದಳು. ಆಯ್ತು ಅಂದೆ. ಆಗಿರಲಿಲ್ಲ. ನಮ್ಮ ಮನೆಗೇ ಬಂದುಬಿಡು ಅಂದಳು, ವಾರ ವಾರದ ಮಾತು. ನೋಡೋಣ ಅಂದೆ, ಅದೂ ವಾರ ವಾರದ ಮಾತು.

ಇವತ್ತು ಆ ಫೋನ್ ಬಿಟ್ಟರೆ ಬೇರೆ ಯಾರ ಜೊತೆಯೂ ಮಾತಾಡಲಿಲ್ಲ. ಸಂಜೆ ಗಂಟಲು ಸರಿಯಾಗಿದೆಯೋ ನೋಡಲು ಕೆಮ್ಮಿದೆ.

ಜೂನ್ 18, ಮಂಗಳವಾರ

ಡ್ರೈವರ್ ಮರದ ದಿಮ್ಮಿಯ ಹಾಗೆ ದಢಾರನೆ ಬಿದ್ದು, "ಬಿದ್ರೂ ಮೀಸೆ ಮಣ್ಣಾಗಿಲ್ಲ ನೋಡಿ!" ಅಂದರು. ಟೇಲರಕ್ಕ ತಿರುಗಿ ಕೂಡ ನೋಡದೆ, "ಮೀಸೆ ಬಿಡಿ ಸಾಹೇಬ್ರೇ, ಕಟ್ಟಡ ಅಲ್ಲಾಡ್ತು," ಅಂದರು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ ಅಂತ ಕಾಣುತ್ತದೆ.

ಟೇಲರಕ್ಕನಿಗೆ ಇದು ಒಲಿದುಬಿಟ್ಟಿದೆ. ಬಟ್ಟೆ ಜಾರಿದ ಹಾಗೆ ಸದ್ದಿಲ್ಲದೆ ಬೀಳುತ್ತಾರೆ. ಇವರು ಇದ್ದಿದ್ದರೆ ಅವರನ್ನೇ ಎದುರಿಗೆ ನಿಲ್ಲಿಸಿ ಹುಡುಗರಿಗೆ ತೋರಿಸುತ್ತಿದ್ದರು. ಬಿದ್ದು ಕೈ ಎತ್ತಿ, "ಏಳಿಸಮ್ಮ ರಾಣಿಯನ್ನ," ಅನ್ನುತ್ತಾರೆ. ನಾನು ಓಡಿಹೋಗಿ ಎಬ್ಬಿಸುತ್ತೇನೆ.

ಜೂನ್ 28, ಶುಕ್ರವಾರ

ತರಗತಿ ಮುಗಿದ ಮೇಲೆ ಟೇಲರಕ್ಕನ ಮನೆಗೆ ಹೋಗಿದ್ದೆ. ಅವರೇ ಎಳೆದುಕೊಂಡು ಹೋದರು. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ನೆಲದ ಮೇಲೆ ಒಂದು ದಾರದ ಎಳೆಯೂ ಬಿದ್ದಿರಲಿಲ್ಲ. ಚಹಾ ಕೊಟ್ಟು, "ಗಂಡ ಸತ್ತ ಮೇಲೆ ಮೊದಲನೇ ವರ್ಷ ನಾನೂ ಹೀಗೇ ಇದ್ದೆ," ಅಂದರು. ಹೇಗೆ ಅಂತ ಕೇಳಿದೆ. "ಕೈಚೀಲ ತೊಡೆ ಮೇಲೆ ಇಟ್ಕೊಂಡೇ ಕೂತಿದೀಯಲ್ಲ, ಬಸ್‌ಸ್ಟ್ಯಾಂಡಲ್ಲಿ ಕೂತ ಹಾಗೆ," ಅಂದರು.

ಚೀಲ ಕೆಳಗಿಟ್ಟೆ. ಆದರೂ ಬೇಗ ಹೊರಟುಬಿಟ್ಟೆ. ಇನ್ನೂ ಸ್ವಲ್ಪ ಹೊತ್ತು ಇರಬಹುದಿತ್ತು.

ಜುಲೈ 3, ಬುಧವಾರ

ಏನೂ ಇಲ್ಲ. ಇವರ ಕನ್ನಡಕ ಸಿಕ್ಕಿತು, ಇಡಲು ಜಾಗ ಹುಡುಕುವುದರಲ್ಲೇ ಸಂಜೆಯಾಯಿತು.

ಜುಲೈ 9, ಮಂಗಳವಾರ

ಟೇಲರಕ್ಕ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಒಂದು ಮಾತು ಹೇಳಬಾರದೇ? ಇವತ್ತು ಪಕ್ಕಕ್ಕೆ ಬೀಳುವ ಪಾಠ ಅಂತ ಮೊದಲೇ ಹೇಳಿದ್ದೆ, ಅವರನ್ನೇ ಮುಂದೆ ನಿಲ್ಲಿಸಬೇಕು ಅಂತಿದ್ದೆ. ಹಚ್ಚಿಕೊಂಡರೆ ಹೀಗೇ ಆಗುವುದು. ಸಿಟ್ಟಿನಲ್ಲಿ ಐದೂವರೆಗೇ ಬೀಗ ಹಾಕಿ ಮನೆಗೆ ಬಂದೆ. ಅವರ ಬೀದಿಯ ತಿರುವಿನಲ್ಲಿ ಒಂದು ಸಲ ನಿಂತೆ. ನಾನೇ ಯಾಕೆ ಹೋಗಬೇಕು ಅನ್ನಿಸಿತು.

ಜುಲೈ 10, ಬುಧವಾರ

ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ. ಹೇಳಿಕೊಳ್ಳಲು ಇನ್ಯಾರಿದ್ದಾರೆ?

ನಿನ್ನೆ ಬೆಳಿಗ್ಗೆ ಎಂಟು ಗಂಟೆಗೆ ಟೇಲರಕ್ಕ ಅಡುಗೆಮನೆಯಲ್ಲಿ ಜಾರಿ ಬಿದ್ದಿದ್ದಾರೆ. ಅಣ್ಣನ ಮಗ ಬಂದು ನೋಡಿದ್ದು ಸಂಜೆ ಏಳಕ್ಕೆ. ಹನ್ನೊಂದು ಗಂಟೆ ಕಾಲ ನೆಲದ ಮೇಲೆ. ಒಂದು ಮೂಳೆಯೂ ಮುರಿದಿಲ್ಲ, ತಲೆಗೆ ತರಚು ಗಾಯವೂ ಇಲ್ಲ. ಆದರೆ ನೀರಿಲ್ಲದೆ, ಒಂದೇ ಮಗ್ಗುಲಲ್ಲಿ ಬಿದ್ದುಕೊಂಡು, ತೊಡೆಯ ಮಾಂಸ ಜಜ್ಜಿಹೋಗಿ ಅದರ ವಿಷ ಮೂತ್ರಪಿಂಡಕ್ಕೆ ಏರಿದೆ ಅಂತ ಡಾಕ್ಟರು ಹೇಳಿದರಂತೆ. ಫಿಸಿಯೋ ಹುಡುಗಿ ಬಂದು ಹೇಳಿದಾಗ ನಾನು ಒಬ್ಬ ರೋಗಿಯ ಹೆಸರು ಅರ್ಧ ಬರೆದಿದ್ದೆ. ಅರ್ಧಕ್ಕೇ ಬಿಟ್ಟು ಆಸ್ಪತ್ರೆಗೆ ಓಡಿದೆ.

ಮೂಗಿಗೆ ನಳಿಗೆ, ಕೈಗೆ ಡ್ರಿಪ್. ನನ್ನನ್ನು ನೋಡಿ ನಕ್ಕರು. ಅದನ್ನು ಹೇಗೆ ಮರೆಯಲಿ?

"ಎಷ್ಟು ಚೆನ್ನಾಗಿ ಬಿದ್ದೆ ಗೊತ್ತಾ," ಅಂದರು. "ಗದ್ದ ಎದೆಗೆ ಅಂಟಿಸಿದೆ. ಬೆನ್ನು ಗುಂಡಗೆ ಮಾಡಿದೆ. ಕೈ ಹಿಂದಕ್ಕೆ ಊರಲೇ ಇಲ್ಲ. ಒಂಚೂರೂ ಪೆಟ್ಟಾಗ್ಲಿಲ್ಲ. ಖುಷಿಯಾಗಿ ಒಬ್ಬಳೇ ನಕ್ಕೆ. ಆಮೇಲೆ, ನೀನು ಹೇಳಿಕೊಟ್ಟ ಹಾಗೇ, ಕೈ ಎತ್ತಿದೆ."

ಡ್ರಿಪ್ ಇಲ್ಲದ ಕೈಯನ್ನು ನೋಡಿಕೊಂಡು, "ಎತ್ತಿದ ಮೇಲೆ ನೆನಪಾಯ್ತು, ಯಾರೂ ಇಲ್ಲ ಅಂತ," ಅಂದರು.

ಏಳಲು ಪ್ರಯತ್ನ ಮಾಡಲಿಲ್ಲವೇ ಅಂತ ಕೇಳಿದೆ. ಮಾಡಿದರಂತೆ. ಮಲಗಿದಲ್ಲಿಂದ ನೆಟ್ಟಗೆ ಕೂರಲು ಮತ್ತೆ ಮತ್ತೆ ನೋಡಿದರಂತೆ, ಆಗಲಿಲ್ಲವಂತೆ. "ಏಳೋದು ನೀನು ಹೇಳಿಕೊಟ್ಟಿರ್ಲಿಲ್ವಲ್ಲ," ಅಂದರು. ಬೈಗುಳವಲ್ಲ ಅದು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಹೇಳಿಕೊಟ್ಟಿರಲಿಲ್ಲ. ಹತ್ತು ತರಗತಿ ಮಾಡಿದೆ, ಒಂದು ಸಲವೂ ಹೊಳೆಯಲಿಲ್ಲ. ನಮ್ಮ ಕೋಣೆಗೆ ಬರುತ್ತಿದ್ದವರು ಹನ್ನೆರಡು, ಹದಿನಾಲ್ಕು ವಯಸ್ಸಿನವರು. ಬಿದ್ದರೆ ಚೆಂಡಿನ ಹಾಗೆ ಪುಟಿದು ಏಳುತ್ತಿದ್ದರು, ಇಲ್ಲವಾದರೆ ಬೀಳಿಸಿದವನು ಎಬ್ಬಿಸುತ್ತಿದ್ದ. ಏಳುವುದೂ ಕಲಿಯಬೇಕಾದ ವಿದ್ಯೆ ಅಂತ ಯಾರಿಗೆ ಗೊತ್ತಿತ್ತು? ಮೊನ್ನೆ ಐದೂವರೆಗೆ ಆ ತಿರುವಿನಲ್ಲಿ ನಿಂತಿದ್ದೆನಲ್ಲ. ಮೊನ್ನೆಯಲ್ಲ, ನಿನ್ನೆ. ದಿನವೂ ತಪ್ಪುತ್ತಿದೆ. ಆಗ ಮೆಟ್ಟಿಲು ಹತ್ತಿದ್ದರೆ ಒಂದೂವರೆ ಗಂಟೆಯಾದರೂ ಉಳಿಯುತ್ತಿತ್ತು.

ಜುಲೈ 11, ಗುರುವಾರ

ಕ್ಲಿನಿಕ್ಕಿಗೆ ಹೋಗಲಿಲ್ಲ.

ಜುಲೈ 12, ಶುಕ್ರವಾರ

ತರಗತಿ ಇಲ್ಲ ಅಂತ ಎಲ್ಲರಿಗೂ ತಿಳಿಸಿದೆ. ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಹೋಗಿ ಮಲಗಿದೆ. ಹೇಗಿರುತ್ತದೆ ಅಂತ ನೋಡಬೇಕಿತ್ತು. ನೆಲ ತಣ್ಣಗಿತ್ತು. ಫ್ರಿಜ್ಜಿನ ಕೆಳಗೆ ಒಂದು ಚಮಚ ಬಿದ್ದಿತ್ತು, ಯಾವ ಕಾಲದ್ದೋ. ಕೆಳಗಿನಿಂದ ನೋಡಿದರೆ ಮನೆ ಬಹಳ ದೊಡ್ಡದು.

ನನಗೆ ಐವತ್ತೇಳು, ಮೈಯಲ್ಲಿ ಶಕ್ತಿ ಇದೆ, ಮನಸ್ಸು ಮಾಡಿದ್ದರೆ ಎದ್ದುಬಿಡಬಹುದಿತ್ತು. ಏಳಲಿಲ್ಲ. ಕೈ ಎತ್ತಿಕೊಂಡು ಮಲಗಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತು ಅಂತ ನೆನಪಾಗಿ ನಗಲು ಹೋದೆ, ಅಳು ಬಂತು. ಇವರು ಹೋದ ದಿನ ಬಂದವರಿಗೆಲ್ಲ ಕುರ್ಚಿ ಹಾಕುವುದರಲ್ಲೇ ಇದ್ದೆ, ಅಳಲು ಪುರಸೊತ್ತಿರಲಿಲ್ಲ. ಇವತ್ತು ಗಂಟೆಗಟ್ಟಲೆ ಅತ್ತೆ.

ಇವರ ಮೇಲೆ ಸಿಟ್ಟು ಬಂತು. ಬಾಯಿಬಿಟ್ಟೇ ಹೇಳಿದೆ: ಬೀಳಿಸಿದವರೇ ಎಬ್ಬಿಸಬೇಕು ಅಂತ ನಿಯಮ ಮಾಡಿದವರು ನೀವು. ನನ್ನನ್ನು ಬೀಳಿಸಿ ಹೋದಿರಲ್ಲ, ಇದು ಯಾವ ಸೀಮೆ ನ್ಯಾಯ?

ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಎದ್ದು ಹೋಗಿ ತೆಗೆದೆ. ಡ್ರೈವರ್. ತರಗತಿ ಇಲ್ಲ ಅಂತ ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲವಂತೆ. ಸುಳ್ಳು. "ಅಕ್ಕಾ, ಆಯಮ್ಮನಿಗೆ ಆದದ್ದು ನಾಳೆ ನನಗೂ ಆಗುತ್ತೆ. ಏಳೋದು ಹೇಗೆ ಅಂತ ಹೇಳಿಕೊಡಿ," ಅಂದರು. ನನಗೂ ಗೊತ್ತಿಲ್ಲ ಅಂದೆ. "ಹಾಗಾದ್ರೆ ಇಬ್ಬರೂ ಕಲಿಯೋಣ. ನಾನು ಬೀಳೋಕೆ ರೆಡಿ," ಅಂದರು.

ಜುಲೈ 16, ಮಂಗಳವಾರ

ಫಿಸಿಯೋ ಹುಡುಗಿ ಬಂದು ಹೇಳಿಕೊಟ್ಟಳು, ನಾನೂ ಎಲ್ಲರ ಜೊತೆ ಸಾಲಿನಲ್ಲಿ ಕೂತು ಕಲಿತೆ. ಬಿದ್ದ ಕೂಡಲೇ ಏಳಲು ಹೋಗಬಾರದು; ಉಸಿರು ತೆಗೆದುಕೊಂಡು ಎಲ್ಲಿ ನೋವಿದೆ ನೋಡಿಕೊಳ್ಳಬೇಕು. ನೆಟ್ಟಗೆ ಕೂರಲು ಹೆಣಗಬಾರದು. ಮೊದಲು ಮಗ್ಗುಲಿಗೆ ಹೊರಳಬೇಕು. ಮೊಣಕೈ ಊರಿ, ಅಂಗೈ ಊರಿ, ಮಗುವಿನ ಹಾಗೆ ನಾಲ್ಕು ಕಾಲಿನಲ್ಲಿ ನಿಲ್ಲಬೇಕು. ಅಂಬೆಗಾಲಿಟ್ಟು ಗಟ್ಟಿ ಕುರ್ಚಿಯ ಹತ್ತಿರ ಹೋಗಿ, ಎರಡೂ ಕೈ ಅದರ ಮೇಲಿಟ್ಟು, ಬಲವಿರುವ ಕಾಲಿನ ಪಾದ ಮುಂದೆ ಊರಿ, ಆಮೇಲೆ ಏಳಬೇಕು.

ಬಾಗಿಲ ಮೇಲಿನ ಇವರ ನಿಯಮದ ಹಲಗೆಯನ್ನು ಇಳಿಸಿ ಇಟ್ಟೆ. ಇನ್ನು ಮೇಲೆ ಯಾರೂ ಯಾರಿಗೂ ಕೈ ಕೊಡುವ ಹಾಗಿಲ್ಲ ಅಂತ ಹೇಳಿದೆ. ಡ್ರೈವರಿಗೆ ಒಂಬತ್ತು ನಿಮಿಷ ಹಿಡಿಯಿತು. ಅರ್ಧ ದಾರಿಯಲ್ಲಿ, "ಸ್ಟಾಪ್ ಬಂತು, ಇಳಿಯೋರು ಇಳೀರಿ," ಅಂತ ಕೂಗಿದರು. ಯಾರೂ ಕೈ ಕೊಡಲಿಲ್ಲ. ನೋಡುವುದು ಕಷ್ಟ. ನನ್ನ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡಿದ್ದೆ.

ಜುಲೈ 20, ಶನಿವಾರ

ಟೇಲರಕ್ಕನನ್ನು ಆಸ್ಪತ್ರೆಯಿಂದ ಬಿಟ್ಟರು. ಈಗ ಅಣ್ಣನ ಮಗನ ಮನೆಯಲ್ಲಿದ್ದಾರೆ. ಆಗಸ್ಟ್ ಒಂದಕ್ಕೆ ವೃದ್ಧಾಶ್ರಮ.

ಅವನನ್ನು ಕೆಟ್ಟವನು ಅಂದುಕೊಂಡೇ ಹೋಗಿದ್ದೆ, ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡು. ಆದರೆ ಅವನು, "ನಮ್ಮತ್ತೆ ಮಷೀನ್ ತುಳಿದು ನನ್ನ ಓದಿಸಿದಾರೆ. ಅವತ್ತು ಅವರು ಬಿದ್ದಿರೋದು ನೋಡಿದಾಗ ಹೋಗೇಬಿಟ್ಟಿದಾರೆ ಅಂದ್ಕೊಂಡೆ. ಇನ್ನೊಂದು ಸಲ ಆ ಮೆಟ್ಟಿಲು ಹತ್ತೋ ಧೈರ್ಯ ನನಗಿಲ್ಲ," ಅಂದ. ಜಗಳ ಎಲ್ಲಿಂದ ಆಡುವುದು?

ಒಂದು ಮಾತು ಕೇಳಿಕೊಂಡೆ. ಅವರ ಮನೆಯಲ್ಲೇ, ಅವನ ಎದುರಿಗೇ, ನೆಲದಿಂದ ಒಬ್ಬರೇ ಎದ್ದು ತೋರಿಸಿದರೆ ಅಲ್ಲೇ ಇರಲು ಬಿಡಬೇಕು ಅಂತ. ಬಹಳ ಹೊತ್ತು ಯೋಚಿಸಿ ಒಪ್ಪಿದ. ಮುಂದಿನ ಭಾನುವಾರ. "ಎಂಟು ದಿನ ಸಾಕಾ?" ಅಂದರು ಟೇಲರಕ್ಕ. ಸಾಕು ಅಂದೆ. ಸುಲಭವಾಗಿ 'ಆಗಲಿ' ಅನ್ನುವ ರೋಗ ನನಗೆ ಇನ್ನೂ ಹೋಗಿಲ್ಲ.

ಜುಲೈ 25, ಗುರುವಾರ

ದಿನಾ ಸಂಜೆ ಹೋಗುತ್ತಿದ್ದೇನೆ. ಹೊರಳುವುದು ಬಂತು. ಅಂಬೆಗಾಲು ಬಂತು. ಕುರ್ಚಿಯ ಮೇಲೆ ಕೈಯಿಟ್ಟು ಒಂದು ಮೊಣಕಾಲಿನ ಮೇಲೆ ನಿಲ್ಲುವವರೆಗೂ ಬರುತ್ತಾರೆ. ಅಲ್ಲಿಂದ ಮೇಲೆ ತೊಡೆ ಸಹಕರಿಸುವುದಿಲ್ಲ. ಹನ್ನೊಂದು ಗಂಟೆ ನೆಲದ ಮೇಲಿದ್ದ ಕಾಲು ಅದು. ಇವತ್ತು, "ಸುಮ್ನೆ ಆಶ್ರಮಕ್ಕೆ ಹೋಗ್ತೀನಿ ಬಿಡು," ಅಂದರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವರೂ ಬೈದರು. ಆಮೇಲೆ ಮತ್ತೆ ಮಲಗಿದರು, ಮತ್ತೆ ಹೊರಳಿದರು.

ಜುಲೈ 28, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹತ್ತೂವರೆಗೆ ಅವರ ಮನೆಯಲ್ಲಿ ಸೇರಿದೆವು. ಟೇಲರಕ್ಕ, ಅಣ್ಣನ ಮಗ, ನಾನು. ಟೇಲರಕ್ಕ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದರು, ಪರೀಕ್ಷೆಗೆ ಬಂದವರ ಹಾಗೆ. ತಾವೇ ಮೆಲ್ಲಗೆ ನೆಲಕ್ಕೆ ಇಳಿದು ಮಲಗಿದರು. ಹೊರಳಿದರು, ಅಂಬೆಗಾಲಿಟ್ಟರು, ಕುರ್ಚಿ ಹಿಡಿದರು, ಬಲಪಾದ ಮುಂದೆ ಊರಿದರು. ಎದ್ದರು, ಅರ್ಧಕ್ಕೆ ಕುಸಿದರು. ಎರಡನೇ ಸಲವೂ ಹಾಗೇ ಆಯಿತು. ಅಣ್ಣನ ಮಗ ಗೋಡೆಯ ಕಡೆ ನೋಡುತ್ತಿದ್ದ.

ಮೂರನೇ ಸಲ ಒಂದು ಮೊಣಕಾಲಿನ ಮೇಲೆ ಇದ್ದಾಗ ಅವನಿಗೆ ಫೋನ್ ಬಂತು. ಒಂದು ನಿಮಿಷ ಅಂತ ಹೇಳಿ ಹೊರಗೆ ಹೋದ. ಬಾಗಿಲು ಓರೆಯಾಯಿತು. ಟೇಲರಕ್ಕ ನನ್ನನ್ನು ನೋಡಿದರು.

"ಕೈ ಕೊಡು," ಅಂದರು, ಉಸಿರಿನಲ್ಲಿ.

ಎರಡು ಹೆಜ್ಜೆ ದೂರದಲ್ಲಿದ್ದೆ. ಒಂದು ಸಲ ಎಳೆದಿದ್ದರೆ ನಿಂತುಬಿಡುತ್ತಿದ್ದರು. ಅವನು ಒಳಗೆ ಬಂದಾಗ ಅತ್ತೆ ನೆಟ್ಟಗೆ ನಿಂತಿರುತ್ತಿದ್ದರು. ಆ ಎರಡು ಕೋಣೆ, ಆ ಕಿಟಕಿ, ಆ ಮಷೀನು, ಎಲ್ಲ ಅವರಿಗೆ ಉಳಿಯುತ್ತಿತ್ತು. ನನಗೂ ಉಳಿಯುತ್ತಿತ್ತು, ಅದನ್ನು ಯಾಕೆ ಮುಚ್ಚಿಡಲಿ? ಚಹಾ ಕೊಟ್ಟು ಬೈಯಲು ಈ ಊರಿನಲ್ಲಿ ನನಗೆ ಇನ್ಯಾರಿದ್ದಾರೆ?

"ಕೊಡಲ್ಲ ಅಕ್ಕ," ಅಂದೆ.

"ಒಂದು ಬೆರಳು ಕೊಡೇ."

"ಇನ್ನೊಂದು ಸಲ ಬಿದ್ದಾಗ ಈ ಬೆರಳು ಎಲ್ಲಿಂದ ತರ್ತೀರಾ?"

ಅವರ ತೋಳು ಗಡಗಡ ನಡುಗುತ್ತಿತ್ತು. ಕಣ್ಣಲ್ಲಿ ನೀರು. ನೋಡಲಾಗದೆ ನೆಲ ನೋಡಿದೆ. ಅವನು ಒಳಗೆ ಬರುವಷ್ಟರಲ್ಲಿ ಅವರು ನೆಲದ ಮೇಲೆ ಕೂತಿದ್ದರು. ಅವನೇ ಎತ್ತಿ ಕುರ್ಚಿಯಲ್ಲಿ ಕೂರಿಸಿದ.

ನಾನು ಹೊರಡುವಾಗ ಟೇಲರಕ್ಕ ಒಂದೇ ಮಾತು ಅಂದದ್ದು. "ಅಷ್ಟೇನೂ ಬೇಕಿಲ್ಲದಾಗೆಲ್ಲ ಓಡಿ ಬಂದು ಕೈ ಕೊಟ್ಟವಳು ನೀನು. ಬೇಕು ಅಂದಾಗ ಕೊಡ್ಲಿಲ್ಲ."

ಆಗಸ್ಟ್ 1, ಗುರುವಾರ

ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋದರು. ಬೀದಿಯ ತಿರುವಿನಲ್ಲಿ ನಿಂತಿದ್ದೆ. ಕಾರು ಹಾದುಹೋಯಿತು. ನನ್ನನ್ನು ನೋಡಿದರು. ನೋಡಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಆಗಸ್ಟ್ 6, ಮಂಗಳವಾರ

ಒಪ್ಪಿಕೊಂಡಿದ್ದ ಎಂಟು ವಾರ ಮುಗಿದು ವಾರವಾಯಿತು. ಯಾರೂ ನೆನಪಿಸಲಿಲ್ಲ, ನಾನೂ ಸುಮ್ಮನಿದ್ದೆ. ಹೊಸಬರು ಮೂರು ಜನ ಸೇರಿದ್ದಾರೆ. ಈಗ ಮೊದಲನೇ ದಿನವೇ ಏಳುವ ಪಾಠ. ಎದ್ದು ಬಂದವರಿಗೆ ಮಾತ್ರ ಬೀಳುವ ಪಾಠ. ತೋರಿಸಲು ಹನ್ನೆರಡು ಸಲ ಬಿದ್ದೆ, ಸೊಂಟ ಹಿಡಿದುಕೊಂಡಿದೆ. ಡ್ರೈವರ್ ಈಗ ನಾಲ್ಕು ನಿಮಿಷಕ್ಕೆ ಬಂದಿದ್ದಾರೆ, ಎಕ್ಸ್‌ಪ್ರೆಸ್ ಅಂತೆ.

ಟೇಲರಕ್ಕ ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ನಿಲ್ಲುವುದಿಲ್ಲ. ನಿಲ್ಲಬೇಡಿ ಅಂತ ನಾನೇನೂ ಹೇಳಿಲ್ಲ.

ಆಗಸ್ಟ್ 13, ಮಂಗಳವಾರ

ಕ್ಲಿನಿಕ್ ಮುಗಿಸಿ ಆಶ್ರಮಕ್ಕೆ ಹೋಗಿದ್ದೆ. ಉದ್ದನೆಯ ಪಡಸಾಲೆ, ಎರಡೂ ಕಡೆ ಬಾಗಿಲು, ಫಿನಾಯಿಲ್ ವಾಸನೆ. ನರ್ಸ್ ಒಳಗೆ ಹೋಗಿ ಬಂದು, "ಮಲಗಿದಾರೆ," ಅಂದಳು. ಬಾಗಿಲ ಸಂದಿಯಲ್ಲಿ ಬೆಳಕಿತ್ತು, ಕುರ್ಚಿ ಎಳೆದ ಸದ್ದು ಕೇಳಿಸಿತು. ಹಣ್ಣು ಕೊಟ್ಟು ಬಂದೆ.

ತಪ್ಪು ಮಾಡಿದೆನಾ? ಮಾಡಿದೆ ಅಂತಲೇ ಇವತ್ತು ಅನ್ನಿಸುತ್ತಿದೆ. ಒಂದು ಬೆರಳು ಅಷ್ಟೇ ಕೇಳಿದ್ದು. ಇವರು ಇದ್ದಿದ್ದರೆ ಏನು ಮಾಡುತ್ತಿದ್ದರು ಅಂತ ಕೇಳಿಕೊಂಡೆ. ಖಂಡಿತ ಕೈ ಕೊಡುತ್ತಿದ್ದರು. ಇವರ ಜೀವ ಮೃದು. ನನ್ನದು ಹಾಗಲ್ಲ ಅಂತ ಈಗ ಗೊತ್ತಾಯಿತು, ಗೊತ್ತಾಗಿ ಸಂತೋಷವೇನೂ ಆಗಲಿಲ್ಲ.

ಆಗಸ್ಟ್ 18, ಭಾನುವಾರ

ತಂಗಿಯ ಫೋನ್. ಬಂದುಬಿಡು ಅಂದಳು. ಮಂಗಳವಾರ ಶುಕ್ರವಾರ ಆಗುವುದಿಲ್ಲ ಅಂದೆ. ಎರಡು ದಿನಕ್ಕೆ ಬಾ ಅಂತ ಕರೆದದ್ದಲ್ಲ ಕಣೇ ಅಂತ ಬೈದಳು.

ಆಗಸ್ಟ್ 27, ಮಂಗಳವಾರ

ತರಗತಿಗೆ ಹೊರಡುವ ಹೊತ್ತಿಗೆ ಫೋನ್ ಬಂತು. ಗೊತ್ತಿಲ್ಲದ ನಂಬರು.

"ಎದ್ದೆ," ಅಂತ ಧ್ವನಿ.

ಚಪ್ಪಲಿ ಅರ್ಧ ಹಾಕಿಕೊಂಡವಳು ಹೊಸಿಲ ಮೇಲೇ ಕೂತುಬಿಟ್ಟೆ.

"ಕೇಳಿಸ್ತಾ? ನೆಲದ ಮೇಲೆ ಮಲಗಿ ಎದ್ದೆ. ನಿನ್ನೆ ಒಂದು ಸಲ, ಇವತ್ತು ಎರಡು ಸಲ. ಇಲ್ಲಿಗೆ ಬಂದಾಗಿನಿಂದ ದಿನಾ ಬಾಗಿಲು ಹಾಕ್ಕೊಂಡು ಮಾಡ್ತಿದೀನಿ. ನೀನು ಬಂದಾಗಲೂ ಅದೇ ಮಾಡ್ತಿದ್ದೆ, ಅದಕ್ಕೇ ಮಲಗಿದಾರೆ ಅಂತ ಹೇಳಿಸಿದೆ. ಸಿಟ್ಟೂ ಇತ್ತು ಅನ್ನು."

"ಯಾರಾದ್ರೂ ನೋಡಿದ್ರಾ?"

"ಯಾರು ನೋಡ್ತಾರೆ? ಒಬ್ಬಳೇ ಅಲ್ವಾ. ನಂಬ್ತೀಯಾ?" ಅಂದರು.

ನಂಬುತ್ತೇನೆ ಅಂದೆ.

"ನೀನು ನಂಬಿದ್ರೆ ಮನೆ ಬಾಗಿಲು ತೆಗೆಯುತ್ತಾ? ನಾಳೆ ಅವನನ್ನ ಕರ್ಕೊಂಡು ಬಾ. ಅವನೊಬ್ಬನೇ ಒಳಗೆ ಬರ್ಲಿ. ನೀನು ಹೊರಗೇ ನಿಲ್ಲು."

ಯಾಕೆ ಅಂತ ಕೇಳಿದೆ. ಕೇಳುವಾಗ ಧ್ವನಿ ಸಣ್ಣದಾಯಿತು.

"ನಿನ್ನ ಮುಖ ನೋಡಿದ್ರೆ ಕೈ ಕೇಳಬೇಕು ಅನ್ನಿಸುತ್ತೆ ಕಣೇ," ಅಂದರು.

ಆಗಸ್ಟ್ 28, ಬುಧವಾರ

ಅಣ್ಣನ ಮಗ ಒಳಗೆ ಹೋದ, ನಾನು ಹೊರಗೇ ನಿಂತಿದ್ದೆ. ಪಡಸಾಲೆಯಲ್ಲಿ ಕೂರಲು ಕುರ್ಚಿಯಿತ್ತು, ಕೂರಲಿಲ್ಲ. 'ನೀನು ಮುಟ್ಟಬೇಡ' ಅಂತ ಒಂದು ಸಲ ಗದರಿದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಹದಿನಾರು ನಿಮಿಷ.

ಟೇಲರಕ್ಕ ತಾವೇ ಬಂದು ಬಾಗಿಲು ತೆಗೆದರು.